ಒಂಬತ್ತು ಹಾಳೆ, ಒಂದೇ ಬಾವಿ

ಎಂಟನೇ ತರಗತಿಯ ಮೂವತ್ತೊಂದು ಹಾಳೆಗಳನ್ನು ತಿದ್ದಲು ಕೂತಿದ್ದೆ. ಅವುಗಳಲ್ಲಿ ಒಂಬತ್ತು ಹಾಳೆಗಳು ಒಂದೇ ಮಾತು ಹೇಳುತ್ತಿದ್ದವು: ಮನೆಯೊಡತಿ ಬೀಗದ ಕೈಯನ್ನು ಬಾವಿಗೆ ಹಾಕಿದಳು. ನಾನು ತರಗತಿಯಲ್ಲಿ ಓದಿದ ಕಥೆಯಲ್ಲಿ ಬಾವಿಯೇ ಇರಲಿಲ್ಲ.

ನಾನು ಹುಟ್ಟಿನಿಂದಲೇ ಅನುಮಾನದವಳು. ಹಾಲಿನವನು ನಗುನಗುತ್ತಾ ಬಂದರೆ ಇವತ್ತು ನೀರು ಜಾಸ್ತಿ ಬಿದ್ದಿದೆ ಎಂದುಕೊಳ್ಳುತ್ತೇನೆ. ಇಂಗ್ಲಿಷ್ ಪಾಠ ಮಾಡುವ ಕೆಲಸ ಆ ಗುಣವನ್ನು ಇನ್ನಷ್ಟು ಸಾಣೆ ಹಿಡಿದಿದೆ. ಮೊಳಕಾಲ್ಮುರು ಕಡೆಯ ನಮ್ಮ ಸರ್ಕಾರಿ ಪ್ರೌಢಶಾಲೆಯಲ್ಲಿ ಒಂದು ಮಗು ನೆಟ್ಟಗೆ ಎರಡು ವಾಕ್ಯ ಇಂಗ್ಲಿಷ್ ಬರೆದರೆ ನನಗೆ ಮೊದಲು ಆಗುವುದು ಸಂತೋಷವಲ್ಲ. ಇದು ಎಲ್ಲಿಂದ ಬಂತು ಎಂಬ ಪ್ರಶ್ನೆ ಮೊದಲು ಏಳುತ್ತದೆ.

ಆ ಹಾಳೆಗಳು ನನ್ನ ಮೇಜಿಗೆ ಬಂದದ್ದು ಒಂದು ತರಬೇತಿಯ ದೆಸೆಯಿಂದ. ಚಳ್ಳಕೆರೆಯಲ್ಲಿ ನಮ್ಮನ್ನೆಲ್ಲ ಮೂರು ದಿನ ಕೂರಿಸಿ, ಇಂಗ್ಲಿಷ್ ತರಗತಿಯಲ್ಲಿ ಕಥೆ ಕವನ ಹೇಗೆ ಕಲಿಸಬೇಕು ಎಂದು ಹೇಳಿಕೊಟ್ಟರು. ಸಾಲು ಸಾಲಿಗೂ ಕನ್ನಡದ ಅರ್ಥ ಹೇಳಬೇಡಿ, ಕಥೆಯನ್ನು ನಡುವೆ ನಿಲ್ಲಿಸಿ, ಮುಂದಿನದನ್ನು ಮಕ್ಕಳೇ ಊಹಿಸಲಿ ಎಂದರು. ಹೇಳಿದವರು ಮಕ್ಕಳ ಮುಂದೆ ನಿಂತು ಎಷ್ಟು ವರ್ಷವಾಯಿತೋ ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಟೀ ಬಂತು, ಸುಮ್ಮನಾದೆ.

ನನ್ನ ಪದ್ಧತಿ ಬೇರೆ ಇತ್ತು. ಒಂದು ಸಾಲು ಓದುವುದು, ಕನ್ನಡದಲ್ಲಿ ಅರ್ಥ ಹೇಳುವುದು, ಕೊನೆಗೆ ಬೋರ್ಡಿನ ಮೇಲೆ ಐದು ಪ್ರಶ್ನೆ, ಐದು ಉತ್ತರ. ಮಕ್ಕಳು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಕಕ್ಕುತ್ತಿದ್ದರು, ಪಾಸಾಗುತ್ತಿದ್ದರು. ಕಥೆ ಮಾತ್ರ ಯಾರಿಗೂ ತಾಗುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ತಾಗುತ್ತಿರಲಿಲ್ಲ. ಅದಕ್ಕೇ ಒಂದು ಸಲ ಹೊಸದನ್ನು ಮಾಡಿ ನೋಡೋಣ, ಕೆಟ್ಟರೆ ತರಬೇತಿಯವರ ತಲೆಗೆ ಕಟ್ಟೋಣ ಎಂದುಕೊಂಡು ಶುರು ಮಾಡಿದೆ.

ತರಬೇತಿಯಲ್ಲಿ ಕೊಟ್ಟ ಕಥೆಯನ್ನೇ ಆರಿಸಿಕೊಂಡೆ. ಒಂದು ಬೆಟ್ಟದ ಊರು. ಒಬ್ಬ ಮನೆಯೊಡತಿ ತನ್ನ ಮಾಳಿಗೆಯ ಕೋಣೆಯನ್ನು ಅಪರಿಚಿತನಿಗೆ ಬಾಡಿಗೆ ಕೊಡುತ್ತಾಳೆ. ಅವನ ಹತ್ತಿರ ಬೀಗ ಹಾಕಿದ ಒಂದು ಹಸಿರು ಪೆಟ್ಟಿಗೆ. ಊರಲ್ಲಿ ಏನೋ ಕಳುವಾಗುತ್ತದೆ. ಅವನು ಹೊರಗೆ ಹೋಗಿರುವಾಗ ಜನ ಬಂದು, ಪೆಟ್ಟಿಗೆ ತೆಗೆದು ನೋಡು ಎಂದು ಅವಳನ್ನು ಒತ್ತಾಯ ಮಾಡುತ್ತಾರೆ. ಅವನು ಮರೆತು ಬಿಟ್ಟುಹೋದ ಬೀಗದ ಕೈ ಅವಳ ಕೈಯಲ್ಲೇ ಇದೆ. ಅಲ್ಲಿಗೆ ನಾನು ನಿಲ್ಲಿಸಿದೆ. ಮಕ್ಕಳಿಗೆ ಕೊಟ್ಟದ್ದು ಮೊದಲರ್ಧದ ಜೆರಾಕ್ಸ್ ಮಾತ್ರ. ಉಳಿದರ್ಧವನ್ನು ಬೀರುವಿನಲ್ಲಿಟ್ಟು ಬೀಗ ಜಡಿದಿದ್ದೆ.

ಅದೊಂದು ಶನಿವಾರ. ಕನ್ನಡದ ಅರ್ಥ ಹೇಳದೆ ಎರಡು ಸಲ ಗಟ್ಟಿಯಾಗಿ ಓದಿದೆ. ಕಷ್ಟದ ಪದ ಬಂದಲ್ಲಿ ಬೋರ್ಡಿನ ಮೇಲೆ ಚಿತ್ರ ಬರೆದೆ. ಒಬ್ಬ ಹುಡುಗನನ್ನು ಕರೆದು ಪೆಟ್ಟಿಗೆ ಹೊತ್ತು ಮೆಟ್ಟಿಲು ಹತ್ತುವಂತೆ ನಡೆಸಿದೆ. ಎರಡನೇ ಸಲ ಓದುವಾಗ ತರಗತಿ ಎಂದಿಗಿಂತ ಹೆಚ್ಚು ಸದ್ದಡಗಿತ್ತು. ಇವರಿಗೆ ಅರ್ಥವಾಗಿದೆಯೋ, ನಿದ್ದೆ ಬಂದಿದೆಯೋ ಎಂಬ ಗುಮಾನಿ ನನಗೆ.

ಮೂರನೇ ಬೆಂಚಿನಲ್ಲಿ ಒಬ್ಬಳು ಹುಡುಗಿ. ಆ ವರ್ಷ ನನ್ನ ತರಗತಿಯಲ್ಲಿ ಒಂದು ಸಲವೂ ಬಾಯಿ ಬಿಟ್ಟವಳಲ್ಲ. ಓದಿ ಮುಗಿಸಿದಾಗ ಅವಳು ಪಕ್ಕದವಳ ಕಿವಿಯಲ್ಲಿ ತೆಲುಗಿನಲ್ಲಿ ಏನೋ ಉಸುರಿದಳು. ಆಂಧ್ರದ ಗಡಿ ಪಕ್ಕದಲ್ಲೇ ಇರುವುದರಿಂದ ಅಲ್ಲಿನ ಅರ್ಧ ಮಕ್ಕಳ ಮನೆಮಾತು ತೆಲುಗು. ನನ್ನದು ಚಳ್ಳಕೆರೆಯ ಬಸ್‌ಸ್ಟ್ಯಾಂಡಿನಲ್ಲಿ ಕಲಿತ ತೆಲುಗು, ಕಿವಿಮಾತು ಹಿಡಿಯುವಷ್ಟಿಲ್ಲ.

"ಏನಂತೆ?" ಎಂದೆ.

ಪಕ್ಕದವಳು ಎದ್ದು ನಿಂತಳು. "ಮಿಸ್, ಪೆಟ್ಗೆ ತೆಗಿತಾಳೋ ಇಲ್ವೋ ಹೇಳ್ಬಿಡ್ರಿ ಅಂತಾಳೆ."

"ಅದನ್ನು ನೀವೇ ಬರ್ಕೊಂಡು ಬರ್ಬೇಕು. ಸೋಮವಾರ. ಹತ್ತು ವಾಕ್ಯ, ನಿಮ್ಮದೇ ಇಂಗ್ಲಿಷಿನಲ್ಲಿ. ತಪ್ಪಿಗೆ ಅಂಕ ಕಳೆಯಲ್ಲ" ಎಂದೆ.

ಮೂರನೇ ಬೆಂಚಿನವಳು, ತೂಕದಲ್ಲಿ ಮೋಸ ಮಾಡಿದ ಅಂಗಡಿಯವಳನ್ನು ನೋಡುವ ಹಾಗೆ ನನ್ನನ್ನು ನೋಡಿದಳು.

ಸೋಮವಾರ ಹಾಳೆಗಳು ಬಂದವು. ಇಪ್ಪತ್ತೆರಡು ಜನ ನಾನಂದುಕೊಂಡಂತೆಯೇ ಬರೆದಿದ್ದರು. ಪೆಟ್ಟಿಗೆ ತೆಗೆದಳು, ಚಿನ್ನ ಸಿಕ್ಕಿತು, ಪೊಲೀಸರು ಬಂದರು. ಒಬ್ಬನ ಪೆಟ್ಟಿಗೆಯಿಂದ ಹಾವು ಬಂದಿತ್ತು. ಉಳಿದ ಒಂಬತ್ತು ಹಾಳೆಗಳಲ್ಲಿ ಬಾವಿ. ಬರೀ ಬಾವಿಯಲ್ಲ, ಕಾರಣವೂ ಒಂದೇ: ಪೆಟ್ಟಿಗೆಯಲ್ಲಿ ಕೆಟ್ಟದ್ದೇನೂ ಇಲ್ಲದಿದ್ದರೆ, ಆಮೇಲೆ ಅವನ ಮುಖವನ್ನು ಅವಳು ಹೇಗೆ ನೋಡುವುದು?

ಹದಿಮೂರು ವರ್ಷದ ಮಕ್ಕಳು ಒಂಬತ್ತು ಜನ ಬೇರೆಬೇರೆಯಾಗಿ ಕೂತು ಹೀಗೆ ಯೋಚಿಸುತ್ತಾರೆಯೇ? ನಾನು ನಂಬಲಿಲ್ಲ.

ಮಂಗಳವಾರವೆಲ್ಲ ಪತ್ತೇದಾರಿ ಮಾಡಿದೆ. ಮೊದಲು ಬೀರುವಿನ ಬೀಗ ಜಗ್ಗಿ ನೋಡಿದೆ, ಸರಿಯಾಗಿತ್ತು. ಅದೂ ಅಲ್ಲದೆ ಕಥೆಯ ನಿಜವಾದ ಕೊನೆ ಬೇರೆಯೇ ಇತ್ತು. ಗೈಡಿನಲ್ಲಿ ಈ ಕಥೆ ಇಲ್ಲ. ಮೊಬೈಲಿನಲ್ಲಿ ಕೇಳಿದರೆ ಉತ್ತರ ಕೊಡುವುದೊಂದು ಬಂದಿದೆಯಲ್ಲ, ಅದರಲ್ಲಿ ಕಥೆಯ ಅರ್ಧ ಟೈಪು ಮಾಡಿ ನಾಲ್ಕು ಸಲ ಕೇಳಿದೆ. ನಾಲ್ಕು ಸಲವೂ ಸಲೀಸಾದ ಇಂಗ್ಲಿಷು ಬಂತು, ಬಾವಿ ಬರಲಿಲ್ಲ. ಇನ್ನು ಉಳಿದದ್ದು ಒಂದೇ: ಒಬ್ಬರು ಬರೆದಿದ್ದಾರೆ, ಎಂಟು ಜನ ನೋಡಿಕೊಂಡಿದ್ದಾರೆ.

ಒಂಬತ್ತು ಮಂದಿಯನ್ನೂ ಒಬ್ಬೊಬ್ಬರಾಗಿ ಸ್ಟಾಫ್‌ರೂಮಿಗೆ ಕರೆದೆ. ಒಬ್ಬರು ಹೊರಗೆ ಹೋಗುವ ಬಾಗಿಲು ಬೇರೆ, ಇನ್ನೊಬ್ಬರು ಒಳಗೆ ಬರುವ ಬಾಗಿಲು ಬೇರೆ ಮಾಡಿ, ಮಾತಾಡಿಕೊಳ್ಳದಂತೆ ನೋಡಿಕೊಂಡೆ. ಗಣಿತದ ಮೇಷ್ಟ್ರು ಇದನ್ನು ನೋಡಿ, "ಏನ್ ಮೇಡಂ, ಠಾಣೆ ತೆಗ್ದಿದೀರಲ್ಲ" ಎಂದರು. ನನಗೆ ನಗು ಬರಲಿಲ್ಲ.

"ಬಾವಿ ಯಾರು ಹೇಳಿಕೊಟ್ಟರು?" ಎಂದು ಕೇಳಿದೆ. ಎಲ್ಲರೂ ನೆಲ ನೋಡಿದರು. ಒಬ್ಬ ಹುಡುಗ ಮಾತ್ರ, "ಎಲ್ರೂ, ಮಿಸ್" ಎಂದ.

"ಎಲ್ರೂ ಅಂದ್ರೆ ಯಾರು?"

"ಎಲ್ರೂ ಮಿಸ್."

ಉಡಾಫೆ ಮಾಡುತ್ತಿದ್ದಾನೆ ಎಂದು ಗದರಿಸಿ ಕಳಿಸಿದೆ. ಆಮೇಲೆ ಹಾಜರಿ ಪುಸ್ತಕದಲ್ಲಿ ವಿಳಾಸ ನೋಡಿದೆ. ಒಂಬತ್ತೂ ಮಂದಿ ಒಂದೇ ಬೀದಿಯವರು. ರೇಷ್ಮೆ ಸೀರೆ ನೇಯುವವರ ಬೀದಿ, ಮನೆಮನೆಗೂ ಮಗ್ಗ. ಅಲ್ಲಿಗೆ ನನ್ನ ಲೆಕ್ಕ ಮುಗಿಯಿತು. ಒಂಬತ್ತು ಹಾಳೆಗಳ ಮೇಲೂ ಕೆಂಪು ಸೊನ್ನೆ ಬಿತ್ತು. ಈ ಹತ್ತು ಅಂಕ ವರ್ಷದ ಮೌಲ್ಯಮಾಪನಕ್ಕೆ ಸೇರುವಂಥದ್ದು.

ಬುಧವಾರ ವಿಷಯ ಮುಖ್ಯ ಶಿಕ್ಷಕರಿಗೆ ಹೋಯಿತು. ಹೋಯಿತೇನು, ನಾನೇ ಒಯ್ದೆ. ಅವರಿಗೆ ಯಾವುದೇ ತಂಟೆಯೂ ಒಂದು ಕಾಗದವಾಗಿ ಫೈಲಿನೊಳಗೆ ಕೂತುಬಿಟ್ಟರೆ ನೆಮ್ಮದಿ. 'ನಾನು ನಕಲು ಮಾಡಿದ್ದೇನೆ, ಮುಂದೆ ಮಾಡುವುದಿಲ್ಲ' ಎಂದು ಬರೆಸಿ ಸಹಿ ಹಾಕಿಸಿಕೊಂಡರು. ಎಂಟು ಜನ ಹಾಕಿದರು. ಮೂರನೇ ಬೆಂಚಿನ ಹುಡುಗಿ ಪೆನ್ನು ಮುಟ್ಟಲಿಲ್ಲ.

"ಹಾಕಮ್ಮ, ಬೇಗ ಮುಗೀಲಿ" ಎಂದರು ಅವರು.

"ನಾನು ಕದ್ದಿಲ್ಲ ಸರ್."

"ಹಂಗಾದ್ರೆ ಉಳಿದೋರು ನಿನ್ನದು ನೋಡ್ಕೊಂಡ್ರಾ?"

"ಅವ್ರೂ ಕದ್ದಿಲ್ಲ."

"ಅವರೇ ಸಹಿ ಹಾಕಿದಾರಲ್ಲ?"

"ಹೆದ್ರಿಕೊಂಡು ಹಾಕವ್ರೆ" ಎಂದಳು. ಆ ವರ್ಷ ಅಲ್ಲಿಯವರೆಗೆ ಅವಳ ಬಾಯಿಂದ ನಾನು ಕೇಳಿದ್ದು ಈ ಮೂರೇ ಮಾತು. ಸಹಿ ಹಾಕುವವರೆಗೆ ತರಗತಿಗೆ ಬರಬೇಡ ಎಂದರು ಮುಖ್ಯ ಶಿಕ್ಷಕರು. ನಾನು ಪಕ್ಕದಲ್ಲೇ ನಿಂತಿದ್ದೆ, ಏನೂ ಹೇಳಲಿಲ್ಲ.

ಗುರುವಾರ ಅವಳು ಬರಲಿಲ್ಲ. ಶುಕ್ರವಾರವೂ ಇಲ್ಲ. ತಪ್ಪು ಮಾಡಿದ್ದಕ್ಕೇ ಮುಖ ತೋರಿಸುತ್ತಿಲ್ಲ ಎಂದುಕೊಂಡೆ. ಆದರೆ ಆ ಬೀದಿಯಲ್ಲಿ ಶಾಲೆ ಬಿಟ್ಟ ಹುಡುಗಿಗೆ ಮಗ್ಗದ ಮುಂದೆ ಜಾಗ ಸದಾ ಖಾಲಿ ಇರುತ್ತದೆ, ಒಂದು ವಾರ ಕೂತವಳು ಮತ್ತೆ ಎದ್ದು ಬರುವುದು ಕಷ್ಟ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಆ ಸಂಜೆ ಹಾಳೆಗಳನ್ನು ಮತ್ತೆ ಚೀಲಕ್ಕೆ ಹಾಕಿಕೊಂಡೆ.

ಶನಿವಾರ ಬೆಳಗಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಚೀಲದಲ್ಲಿ ಹಾಳೆಗಳಿದ್ದವು. ಆ ಒಂಬತ್ತನ್ನು ತೊಡೆಯ ಮೇಲೆ ಹರಡಿ, ಯಾರದು ಮೂಲ, ಯಾರದು ನಕಲು ಎಂದು ಕಂಡುಹಿಡಿಯಲು ಕೂತೆ. ಇಷ್ಟು ವರ್ಷ ನಕಲು ಹಿಡಿದವಳಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು: ನಕಲು ಮಾಡುವವರು ಸರಿಯಾದದ್ದರ ಜೊತೆಗೆ ತಪ್ಪನ್ನೂ ಎತ್ತಿಕೊಳ್ಳುತ್ತಾರೆ. ಮೂಲದವನು ಒಂದು ಪದ ಬಿಟ್ಟಿದ್ದರೆ ಎಂಟೂ ಜನ ಅದನ್ನೇ ಬಿಡುತ್ತಾರೆ.

ಇಲ್ಲಿ ಹಾಗಿರಲಿಲ್ಲ. ಒಬ್ಬನಿಗೆ ಬಾವಿಯ ಇಂಗ್ಲಿಷ್ ಗೊತ್ತಿಲ್ಲದೆ 'ನೀರಿರುವ ದೊಡ್ಡ ತೂತು' ಎಂದು ಬರೆದಿದ್ದ. ಇನ್ನೊಬ್ಬಳು, ಜೆರಾಕ್ಸಿನಲ್ಲಿ ಪದ ಇದ್ದರೂ, ಬೀಗದ ಕೈಯನ್ನು 'ಲಾಕ್ ಹ್ಯಾಂಡ್' ಮಾಡಿದ್ದಳು. ಒಬ್ಬಳು ಪದ ಸಿಗದ ಕಡೆ ಬಾವಿಯ ಚಿತ್ರವನ್ನೇ ಬರೆದು ಬಾಣ ಹಾಕಿದ್ದಳು. ಒಂಬತ್ತು ಜನ ಒಂಬತ್ತು ದಾರಿಯಲ್ಲಿ ಎಡವುತ್ತಾ ಒಂದೇ ಬಾವಿಗೆ ಬಂದಿದ್ದರು. ಯಾರೂ ಯಾರ ಹಾಳೆಯನ್ನೂ ನೋಡಿರಲಿಲ್ಲ. ಒಂದೇ ಮಾತನ್ನು ಬೇರೆ ಭಾಷೆಯಲ್ಲಿ ಕೇಳಿ, ಪ್ರತಿಯೊಬ್ಬರೂ ತಮಗೆ ತಿಳಿದ ಇಂಗ್ಲಿಷಿಗೆ ತಂದಿದ್ದರು. ನಾನು ಸೊನ್ನೆ ಹಾಕುವ ಅವಸರದಲ್ಲಿ ಅವುಗಳನ್ನು ಪಕ್ಕಪಕ್ಕ ಇಟ್ಟು ಓದಿಯೇ ಇರಲಿಲ್ಲ. ಪಕ್ಕದ ಸೀಟಿನವರಿಗೆ ಆ ಕೆಂಪು ಸೊನ್ನೆಗಳು ಕಾಣದಂತೆ ಹಾಳೆಗಳನ್ನು ಮಗುಚಿ ಹಿಡಿದೆ.

ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಆ ಬೀದಿಗೆ ನಡೆದೆ. ಹುಡುಗಿಯ ಮನೆಯ ಜಗುಲಿಯಲ್ಲಿ ಕೂತಿದ್ದವರು, "ಎದ್ರು ಮನ್ಯಾಗೆ ಕೆಚ್ಚೋಕೆ ಕೂತವ್ಳೆ" ಎಂದರು. ಮಗ್ಗದ ಮೇಲಿನ ಹಾಸು, ಅಂದರೆ ಉದ್ದಕ್ಕೆ ಹಾಸಿದ ಎಳೆಗಳು, ಮುಗಿಯುತ್ತಾ ಬಂದಾಗ, ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಎಳೆಯ ತುದಿಗೆ ಬೆರಳಿನಲ್ಲೇ ಹೊಸೆದು ಕೂಡಿಸುತ್ತಾರೆ. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಸಾವಿರಗಟ್ಟಲೆ ಎಳೆ, ಒಬ್ಬರಿಂದ ಆಗುವ ಕೆಲಸವಲ್ಲ. ಒಂದು ಮನೆಯಲ್ಲಿ ಕೆಚ್ಚುವುದಿದ್ದರೆ ಅಕ್ಕಪಕ್ಕದ ಹೆಂಗಸರು ಮಕ್ಕಳನ್ನೂ ಕಟ್ಟಿಕೊಂಡು ಬಂದು ಕೂರುತ್ತಾರೆ.

ನಾನು ಎದುರು ಮನೆಯ ಬಾಗಿಲಲ್ಲಿ ನಿಂತ ಕೂಡಲೇ ಒಳಗಿನ ಮಾತು ನಿಂತಿತು. ಐದು ಜನ ಹೆಂಗಸರು, ನಡುವೆ ನಮ್ಮ ಹುಡುಗಿ. ಒಬ್ಬಾಕೆ ಹುಡುಗಿಯ ಕೈಯನ್ನು ಎಳೆಗಳಿಂದ ಹಿಂದಕ್ಕೆ ತಳ್ಳಿದಳು.

"ಯಾವ ಆಫೀಸಿಂದ ಬಂದ್ರಿ? ಫೋಟೋ ಗೀಟೋ ತೆಗಿಯಂಗಿಲ್ಲ" ಎಂದಳು ಆಕೆ. "ಮಕ್ಳನ್ನ ಕೆಲ್ಸಕ್ಕೆ ಹಚ್ಚಿಲ್ಲ ನಾವು."

ಅನುಮಾನದ ಕಣ್ಣು ನನ್ನ ಮೇಲೆ ಬಿದ್ದರೆ ಹೇಗಿರುತ್ತದೆ ಎಂದು ಆಗ ಗೊತ್ತಾಯಿತು. ನಾನು ಇವಳ ಇಂಗ್ಲಿಷ್ ಮೇಡಂ ಎಂದೆ. ಅದರಿಂದ ಮುಖಗಳು ಇನ್ನಷ್ಟು ಬಿಗಿದವು. ಹುಡುಗಿಯ ಅಜ್ಜಿ ಗೋಡೆಗೆ ಒರಗಿ ಎಳೆ ಹೊಸೆಯುತ್ತಿದ್ದಳು. ಅವಳು ಮಾತ್ರ, "ರಾ ತಲ್ಲಿ, ಕೂರ್ಚೋ" ಎಂದು ತೆಲುಗಿನಲ್ಲೇ ಕರೆದು ಚಾಪೆ ತೋರಿಸಿದಳು. ಆಮೇಲೆ ಎಳೆ ಜಾರದಂತೆ ಬೆರಳನ್ನು ಬೂದಿಗೆ ಮುಟ್ಟಿಸಿ ಮತ್ತೆ ಎಳೆ ಹಿಡಿದಳು.

"ಅರ್ಧ ಕತೆ ಕಳ್ಸಿದೋರು ನೀವೇನಾ?" ಎಂದಳು.

ಹೌದು ಎಂದೆ.

"ಅಂಗೆ ಮಾಡಬ್ಯಾಡ್ರಿ ಮೇಡಮ್ಮ. ಹೋದ ಭಾನುವಾರ ನಮ್ ಮನ್ಯಾಗೆ ಕೆಚ್ಚೋದಿತ್ತು. ಕತೆ ಇಲ್ದಿದ್ರೆ ಈ ಕೆಲ್ಸ ಸಾಗಲ್ಲ, ತೂಕಡಿಕೆ ಬರ್ತೈತೆ, ಎಳೆ ತಪ್ತೈತೆ. ನಾನು ಹೇಳೋ ಕತೆ ಎಲ್ರಿಗೂ ಹಳೇವಾಗವೆ. ಏನಾರ ಹೊಸದು ಹೇಳೇ ಅಂದ್ರೆ ಇವ್ಳು ನಿಮ್ ಕತೆ ಶುರು ಮಾಡಿದ್ಲು. ಹಸ್ರು ಪೆಟ್ಗೆ, ಮಾಳಿಗೆ ಮೆಟ್ಲು, ಅವನು ಮಳೇಲಿ ಬಂದಿದ್ದು, ಎಲ್ಲಾ ಹೇಳಿದ್ಲು. ಬೀಗದ ಕೈ ಕೈಗೆ ಬಂತು ಅಂದ್ಲು, ಮುಂದಕ್ಕೆ ಗೊತ್ತಿಲ್ಲ ಅಂದ್ಲು!"

ನಾನು ಹುಡುಗಿಯನ್ನು ನೋಡಿದೆ. ಒಂದು ಪದಕ್ಕೂ ನಾನು ಕನ್ನಡದ ಅರ್ಥ ಹೇಳಿರಲಿಲ್ಲ. ಅಪರಿಚಿತ ಮಳೆಯಲ್ಲಿ ಬಂದದ್ದು ಕಥೆಯಲ್ಲಿ ಅರ್ಧ ಸಾಲು. ಅದನ್ನೂ ಬಿಡದೆ ಅವಳು ತೆಲುಗಿನಲ್ಲಿ ಒಂದು ಬೀದಿಗೆ ದಾಟಿಸಿದ್ದಳು. ಇವಳಿಗೆ ನಾನು ಸೊನ್ನೆ ಹಾಕಿದ್ದೆ.

"ಕೆಚ್ಚೋಕೆ ಕೂತಾಗ ಎತ್ತಿದ ಕತೆ ಕೊನೇ ಎಳೆ ಕೂಡ್ಸೋದ್ರೊಳಗೆ ಮುಗೀಬೇಕು. ಅರ್ಧ ಕತೆ ಹಾಸಿನ ಮ್ಯಾಲೆ ಬಿಟ್ಟು ಏಳಂಗಿಲ್ಲ. ನಮ್ಮತ್ತೆ ಕಾಲ್ದಿಂದ ಅಂಗೇ" ಎಂದಳು ಅಜ್ಜಿ. "ಅದಕ್ಕೇ ನಾವೇ ಮುಗಿಸಿದ್ವಿ. ಇವ್ಳ ಅವ್ವ, ಇಲ್ಲೇ ಕೂತವ್ಳೆ, ಪೆಟ್ಗೆ ತೆಗೀಲಿ ಅಂದ್ಲು. ಅಕಾ, ಆ ಮೂಲ್ಯಾಗೆ ಕೂತೋಳು, ಬೀಗದ ಕೈನ ಊರ ಹಿರೇರಿಗೆ ಕೊಡ್ಲಿ ಅಂದ್ಲು. ಮಕ್ಳು ಒಂದೊಂದು ಹೇಳಿದ್ವು. ಜಗಳಾನೇ ಆಯ್ತು. ಹೊತ್ತು ಇಳಿಯೋ ಹೊತ್ಗೆ ಬಾವಿ ಅಂತ ಎಲ್ರೂ ಒಪ್ಪಿದ್ರು."

ಎಲ್ಲರೂ! ಆ ಹುಡುಗ ಉಡಾಫೆ ಮಾಡಿರಲಿಲ್ಲ.

"ಮನೆಯವರು ಒಂದು ಹೇಳಿದರೂ ನಿನ್ನ ಮನಸ್ಸಿಗೆ ಬಂದದ್ದನ್ನ ಬರೀಬಹುದಿತ್ತಲ್ಲ?" ಎಂದು ಹುಡುಗಿಯನ್ನು ಕೇಳಿದೆ. ಅವಳು ಎಳೆಯಿಂದ ಕಣ್ಣೆತ್ತದೆ ಹೇಳಿದಳು.

"ನಾನೂ ಮೊದ್ಲು ತೆಗೀಲಿ ಅಂತಾನೇ ಅಂದಿದ್ದೆ ಮಿಸ್. ಆಮೇಲೆ ಎಲ್ರೂ ಕೂತು ಮುಗಿಸಿದ್ವಿ. ಮುಗ್ದ ಮೇಲೆ ನಂದೊಂದು ಬೇರೆ ಬರ್ಕೊಂಡು ಬಂದ್ರೆ ಅದು ಸುಳ್ಳಾಗಲ್ವಾ?"

ತರಬೇತಿಯಲ್ಲಿ ಕೊಟ್ಟ ಪುಸ್ತಕದಲ್ಲಿ ಈ ಪ್ರಶ್ನೆಗೆ ಉತ್ತರ ಇರಲಿಲ್ಲ. ಪ್ರತಿ ಮಗುವಿಗೂ ತನ್ನದೇ ಒಂದು ಕೊನೆ ಹೊಳೆಯಬೇಕು ಎಂದು ಅಲ್ಲಿ ಬರೆದಿತ್ತು. ಒಂದು ಬೀದಿ ಇಡೀ ದಿನ ಕೂತು, ಜಗಳವಾಡಿ, ಒಂದು ಕೊನೆಯನ್ನು ಒಪ್ಪಿಕೊಂಡರೆ ಅದಕ್ಕೆ ಎಷ್ಟು ಅಂಕ ಕೊಡಬೇಕು ಎಂದು ಯಾರೂ ಹೇಳಿರಲಿಲ್ಲ.

"ನಿಮ್ ಪುಸ್ತಕ್ದಾಗೆ ಏನೈತೆ ಹೇಳ್ರಿ ಮತ್ತೆ" ಎಂದಳು ಅಜ್ಜಿ. ಐದೂ ಜನರ ಬೆರಳು ನಿಂತವು.

ಹೇಳಿದೆ. ಮನೆಯೊಡತಿ ಪೆಟ್ಟಿಗೆ ತೆಗೆಯುತ್ತಾಳೆ. ಒಳಗೆ ಮಕ್ಕಳಿಗಾಗಿ ಅವನು ಕೆತ್ತಿದ ಮರದ ಗೊಂಬೆಗಳು. ಅವಳು ನಾಚಿ ಅಳುತ್ತಾಳೆ. ಅವನು ಬಂದು ಕ್ಷಮಿಸುತ್ತಾನೆ, ಮೊದಲಿನ ಹಾಗೆಯೇ ಆ ಮನೆಯಲ್ಲಿ ಇರುತ್ತಾನೆ.

ಅಜ್ಜಿ ನಿಲ್ಲಿಸಿದ್ದ ಎಳೆಯನ್ನು ಹೊಸೆದು ಕೂಡಿಸಿದಳು. "ಮೊದ್ಲಿನ ಹಂಗೆ ಇದ್ದ ಅಂತ ಬರ್ದೋರು ಯಾರು?" ಎಂದಳು. "ತೆಗ್ದೋಳು ಬರ್ದಿರ್ಬೇಕು."

ಹೆಂಗಸರು ನಕ್ಕರು. ಹುಡುಗಿ ನಗಲಿಲ್ಲ. ನಾನು ಅವಳಿಗೆ, "ನನ್ನದು ತಪ್ಪಾಯ್ತು. ಸಹಿ ಗಿಹಿ ಏನೂ ಬೇಡ, ಸೋಮವಾರ ಬಾ" ಎಂದೆ. ಅವಳು ಮುಂದಿನ ಎಳೆಗೆ ಕೈ ಹಾಕಿದಳು. ಅವಳ ಅವ್ವ ಬಾಗಿಲವರೆಗೆ ಬಂದು, "ನೋಡಾನ ರೀ" ಎಂದಳು.

ಸೋಮವಾರ ಮುಖ್ಯ ಶಿಕ್ಷಕರ ಕೋಣೆಗೆ ಹೋಗಿ, ಮಕ್ಕಳ ತಪ್ಪೊಪ್ಪಿಗೆ ಕಾಗದಗಳನ್ನು ವಾಪಸ್ಸು ಕೊಡಿ ಎಂದೆ.

"ಫೈಲಿಗೆ ಹೋಗಿವೆ ಮೇಡಂ. ಈಗ ನೀವೇ ತಪ್ಪು ಅಂದ್ರೆ ನಾಳೆ ಮಕ್ಕಳು ನಿಮ್ಮ ಮಾತು ಕೇಳ್ತಾರಾ?"

"ಕೇಳದಿದ್ರೆ ನಾನು ಅನುಭವಿಸ್ತೀನಿ ಸರ್. ಕೊಡದಿದ್ರೆ ನನ್ನದೂ ಒಂದು ಕಾಗದ ಅದೇ ಫೈಲಿಗೆ ಹಾಕ್ರಿ. ವಿಚಾರಿಸದೆ ಸೊನ್ನೆ ಹಾಕಿದೆ ಅಂತ ಬರ್ಕೊಡ್ತೀನಿ."

ಇನ್ನೊಂದು ಕಾಗದ ಎಂದ ಕೂಡಲೇ ಅವರು ಫೈಲು ತೆಗೆದರು. ತರಗತಿಯಲ್ಲಿ ಎಂಟು ಜನರಿಗೂ ಅವರವರ ಕಾಗದ ಕೊಟ್ಟು ಹರಿಯಲು ಹೇಳಿದೆ. ಒಂಬತ್ತು ಸೊನ್ನೆಗಳನ್ನು ಎಲ್ಲರೆದುರು ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿ, ನನ್ನಿಂದ ತಪ್ಪಾಯಿತು ಎಂದು ಕನ್ನಡದಲ್ಲೇ ಹೇಳಿದೆ. ಮೂರನೇ ಬೆಂಚಿನಲ್ಲಿ ಜಾಗ ಖಾಲಿಯಿತ್ತು. ಆ ದಿನ ಬಸ್ಸಿನಲ್ಲಿ ವಾಪಸ್ಸು ಹೋಗುವಾಗ ನನಗೆ ಅಳು ಬಂತು.

ಮಂಗಳವಾರ ಅವಳು ಬಂದಳು. ಏನೂ ನಡೆದೇ ಇಲ್ಲವೆಂಬಂತೆ ಚೀಲ ಇಟ್ಟು ಕೂತಳು. ಎಲ್ಲಾ ಸರಿಹೋಯಿತು ಎಂದು ನಾನು ನಿರಾಳವಾದೆ.

ಎರಡು ವಾರ ಬಿಟ್ಟು ಇನ್ನೊಂದು ಕಥೆ ತೆಗೆದುಕೊಂಡೆ. ಈ ಸಲ ಮಕ್ಕಳನ್ನು ಗುಂಪು ಮಾಡಿ, ಮನೆಯವರ ಜೊತೆ ಮಾತಾಡಿ ಬನ್ನಿ, ಯಾರು ಏನೆಂದರು, ನೀವು ಯಾಕೆ ಒಪ್ಪಿದಿರಿ ಅಥವಾ ಒಪ್ಪಲಿಲ್ಲ, ಅದನ್ನೂ ಬರೆಯಿರಿ ಎಂದೆ. ಆ ಬೀದಿಯ ಒಂಬತ್ತು ಹಾಳೆಗಳನ್ನು ಮೂರನೇ ಬೆಂಚಿನ ಹುಡುಗಿಯೇ ಒಟ್ಟಿಗೆ ತಂದು ಮೇಜಿನ ಮೇಲಿಟ್ಟಳು.

ಮೇಲಿನದು ಅವಳದೇ. ಎರಡು ಪುಟ ತುಂಬಾ ಬರೆದಿದ್ದಳು. ಕೆಳಗೆ ಒಂದು ಗೆರೆ ಎಳೆದು, ಅದರಡಿಯಲ್ಲಿ ಕನ್ನಡದಲ್ಲಿ ದೊಡ್ಡವರ ಮೂರು ಸಹಿ, ಒಂದು ಹೆಬ್ಬೆಟ್ಟಿನ ಗುರುತು. ಉಳಿದ ಎಂಟನ್ನೂ ತಿರುವಿ ನೋಡಿದೆ. ಎಲ್ಲದರ ಕೆಳಗೂ ಹಾಗೇ ಇತ್ತು.

"ಇದೇನು?" ಎಂದೆ.

"ಸಾಕ್ಷಿ, ಮಿಸ್."

"ನಾನು ಕೇಳಿರಲಿಲ್ಲವಲ್ಲ?"

"ಯಾರು ಹೇಳ್ಕೊಟ್ರು ಅಂತ ಮತ್ತೆ ಕೇಳಿದ್ರೆ ಬೇಕಾಗ್ತೈತಲ್ಲ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹಾಜರಿ ಹೇಳುವಷ್ಟೇ ಸಲೀಸಾಗಿ ಹೇಳಿದಳು. ಮುಂದಿನ ಸಲದಿಂದ ಬೇಡ, ನಿನ್ನ ಮಾತೊಂದೇ ಸಾಕು ಎನ್ನಲು ಬಾಯಿ ತೆರೆದೆ. ಅವಳು ಆಗಲೇ ತಿರುಗಿ ತನ್ನ ಬೆಂಚಿನ ಕಡೆ ಹೋಗುತ್ತಿದ್ದಳು.